ಬಿಸಿಯೂ ಅಲ್ಲ, ತಣ್ಣಗೂ ಅಲ್ಲ

ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳೋಣ. ಆತ ಯಾರ ಸ್ವತ್ತನ್ನೂ ಕಸಿದಿಲ್ಲ, ಯಾರ ಮೇಲೂ ಕೈಮಾಡಿಲ್ಲ, ಕೊಟ್ಟ ಮಾತಿಗೆ ತಪ್ಪಿಲ್ಲ. ಮನೆಗೆ ಬೇಕಾದುದೆಲ್ಲವನ್ನೂ ತಂದುಹಾಕಿದ್ದಾನೆ. ಆದರೆ ಆತನ ಎದೆಯ ಬಾಗಿಲು ಮಾತ್ರ ಯಾರಿಗೂ ತೆರೆದಿಲ್ಲ. ಹೆಂಡತಿಯ ಅಳಲು ಆತನಿಗೆ ಕೇಳಿಸುತ್ತದೆ, ಆದರೆ ತಟ್ಟುವುದಿಲ್ಲ. ಪರರ ಸಂಕಟ ಕಣ್ಣಿಗೆ ಬೀಳುತ್ತದೆ, ಆದರೆ ನಾಟುವುದಿಲ್ಲ. ಇಂಥವನನ್ನು ನಾವು ತಪ್ಪಿತಸ್ಥನೆನ್ನಬಹುದೇ? ಮಾಡಿದ ಕೇಡಿಗೆ ಒಂದು ಹೊತ್ತಿದೆ, ಒಂದು ಸ್ಥಳವಿದೆ, ನೊಂದವರ ಹೆಸರಿದೆ. ಪ್ರೀತಿಸದೆ ಉಳಿದುದಕ್ಕೆ ಸಾಕ್ಷಿ ಎಲ್ಲಿದೆ? ಅಲ್ಲದೆ, ಪ್ರೀತಿ ಎನ್ನುವುದು ಭಾವನೆ ತಾನೇ? ಹುಟ್ಟದ ಭಾವನೆಗೆ ಮನುಷ್ಯ ಹೊಣೆಯಾಗುವುದು ಹೇಗೆ?

ಈ ಪ್ರಶ್ನೆಯನ್ನು ಯಾವ ವಾದವೂ ಇಲ್ಲದೆ, ಕೇವಲ ಒಂದು ಪ್ರವಾಸದ ಕಥೆಯ ಮೂಲಕ ನಮ್ಮ ಮುಂದಿಡುವ ಚಲನಚಿತ್ರವೊಂದಿದೆ. ಇಟಲಿಯ ನಿರ್ದೇಶಕ ರಾಬರ್ಟೊ ರೊಸ್ಸೆಲ್ಲಿನಿಯ ‘ವಿಯಾಜ್ಜೊ ಇನ್ ಇಟಾಲಿಯ’, ಅಂದರೆ ‘ಇಟಲಿಯ ಪಯಣ’. 1954ರಲ್ಲಿ ತೆರೆಕಂಡಾಗ ಜನ ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. ಅದರಲ್ಲಿ ಹೊಡೆದಾಟವಿಲ್ಲ, ರಹಸ್ಯವಿಲ್ಲ, ದೊಡ್ಡ ತಿರುವುಗಳೂ ಇಲ್ಲ. ಆದರೆ ಫ್ರಾನ್ಸಿನ ತರುಣ ವಿಮರ್ಶಕರು ಅದರಲ್ಲಿ ಹೊಸ ಬಗೆಯ ಸಿನಿಮಾವನ್ನು ಕಂಡರು. ಇಂದು ಅದು ಚಲನಚಿತ್ರ ಇತಿಹಾಸದ ಮುಖ್ಯ ಕೃತಿಗಳಲ್ಲಿ ಒಂದೆಂದು ಮಾನ್ಯವಾಗಿದೆ.

ಕಥೆ ಸರಳವಾದುದು. ಅಲೆಕ್ಸ್ ಜಾಯ್ಸ್ ಮತ್ತು ಕ್ಯಾಥರೀನ್ ಎಂಬ ಸಿರಿವಂತ ಇಂಗ್ಲಿಷ್ ದಂಪತಿ. ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ತೀರಿಕೊಂಡ ಸಂಬಂಧಿಕರೊಬ್ಬರು ನೇಪಲ್ಸ್ ನಗರದ ಬಳಿ ಬಿಟ್ಟುಹೋದ ಬಂಗಲೆಯನ್ನು ಮಾರಲೆಂದು ಇಬ್ಬರೂ ದುಬಾರಿ ಬೆಂಟ್ಲಿ ಕಾರಿನಲ್ಲಿ ಹೊರಟಿದ್ದಾರೆ. ಚಿತ್ರ ಆರಂಭವಾಗುವಾಗ ಆಕೆ ಕಾರು ನಡೆಸುತ್ತಿದ್ದಾಳೆ, ಆತ ಪಕ್ಕದಲ್ಲಿ ತೂಕಡಿಸುತ್ತಿದ್ದಾನೆ. ಎಚ್ಚೆತ್ತು, ಎಲ್ಲಿದ್ದೇವೆ ಎಂದು ಕೇಳುತ್ತಾನೆ. ಸರಿಯಾಗಿ ತಿಳಿಯದು ಎನ್ನುತ್ತಾಳೆ ಆಕೆ. ದಾರಿಯ ಬಗ್ಗೆ ಆಡಿದ ಈ ಮಾತು ಅವರ ದಾಂಪತ್ಯಕ್ಕೂ ಒಪ್ಪುತ್ತದೆ ಎಂಬುದು ನಮಗೆ ಬೇಗನೆ ತಿಳಿಯುತ್ತದೆ.

ಮದುವೆಯಾದಾಗಿನಿಂದ ಅವರಿಬ್ಬರೇ ಹೀಗೆ ಒಟ್ಟಿಗೆ ಇದ್ದದ್ದು ಇದೇ ಮೊದಲು. ಲಂಡನ್ನಿನಲ್ಲಿ ಆತನಿಗೆ ಕೆಲಸವಿತ್ತು, ಆಕೆಗೆ ಅತಿಥಿಗಳಿದ್ದರು, ಇಬ್ಬರಿಗೂ ಗೆಳೆಯರ ಬಳಗವಿತ್ತು. ಆ ಗದ್ದಲದಲ್ಲಿ ತಾವು ಪರಸ್ಪರ ಅಪರಿಚಿತರು ಎಂಬ ಸತ್ಯ ಅಡಗಿಕೊಂಡಿತ್ತು. ಪರದೇಶದಲ್ಲಿ ಆ ಮರೆ ಕಳಚಿಬೀಳುತ್ತದೆ. ನಮ್ಮೂರಿನಲ್ಲಿ ನಮ್ಮ ಹುದ್ದೆ, ನಂಟಸ್ತಿಕೆ, ದಿನಚರಿ ನಮ್ಮನ್ನು ಹೊತ್ತು ನಡೆಸುತ್ತವೆ. ನಮ್ಮ ಭಾಷೆ ತಿಳಿಯದ, ನಮ್ಮ ಸ್ಥಾನಮಾನವನ್ನು ಅರಿಯದ ಜನರ ನಡುವೆ ನಿಂತಾಗ ನಮ್ಮೊಳಗೆ ಏನಿದೆಯೋ ಅಷ್ಟೇ ನಮ್ಮ ಪಾಲಿಗೆ ಉಳಿಯುತ್ತದೆ. ಅಲೆಕ್ಸನ ಪಾಲಿಗೆ ಉಳಿದದ್ದು ಬೇಸರ. ಊಟದ ನಂತರದ ನಿದ್ದೆ, ಬಿಸಿಲು, ಇಲ್ಲಿನವರ ಸೋಮಾರಿತನದ ಬಗ್ಗೆ ಕೊಂಕುಮಾತು, ಬಿಟ್ಟುಬಂದ ಕೆಲಸದ ಚಿಂತೆ. ಬಾಯಾರಿಕೆಯಾದಾಗ ಆಳುಗಳಿಗೆ ತನ್ನ ಮಾತು ಅರ್ಥವಾಗಲಿಲ್ಲವೆಂಬ ಸಿಡುಕು. ಹೊರಗಡೆ ಸಮುದ್ರವಿದೆ, ವೆಸೂವಿಯಸ್ ಪರ್ವತವಿದೆ, ಹಾಡುವ ಜನರಿದ್ದಾರೆ. ಆತನಿಗೆ ಅದಾವುದೂ ಬೇಡ. ಆಸ್ತಿ ಬೇಗ ಮಾರಾಟವಾಗಬೇಕು, ಅಷ್ಟೇ.

ಈ ಬೇಸರ ಇಂದಿನದಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿ, 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಬ ಸಂನ್ಯಾಸಿ ಇದನ್ನು ಸೂಕ್ಷ್ಮವಾಗಿ ವರ್ಣಿಸಿದ್ದಾನೆ. ‘ಅಕೇಡಿಯ’ ಎಂಬುದು ಅದರ ಗ್ರೀಕ್ ಹೆಸರು. ಪ್ರಾಚೀನ ಸಂನ್ಯಾಸಿಗಳು ಅದನ್ನು ನಡುಹಗಲಿನ ಪಿಶಾಚಿ ಎಂದೂ ಕರೆದರು. ಅದು ಹಿಡಿದಾಗ ಹೊತ್ತು ಮುಂದೆ ಸಾಗುವುದೇ ಇಲ್ಲ, ದಿನಕ್ಕೆ ಐವತ್ತು ಗಂಟೆಗಳಿದ್ದಂತೆ ತೋರುತ್ತದೆ. ಸಂನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ. ಇರುವ ಜಾಗ ಬೇಸರ ತರಿಸುತ್ತದೆ, ಕೈಗೆ ಹತ್ತಿದ ಕೆಲಸ ಬೇಡವಾಗುತ್ತದೆ, ಸೋದರರಲ್ಲಿ ಪ್ರೀತಿಯೇ ಬತ್ತಿಹೋಗಿದೆ ಎನಿಸುತ್ತದೆ, ಬೇರೆಲ್ಲಾದರೂ ಹೋದರೆ ಚೆನ್ನಾಗಿತ್ತು ಎಂಬ ಆಸೆ ಮೂಡುತ್ತದೆ. ಪ್ರೀತಿ ಬತ್ತಿರುವುದು ತನ್ನಲ್ಲಿ, ಕಾಣಿಸುವುದು ಇತರರಲ್ಲಿ! ಬಂಗಲೆಯ ಮಹಡಿಯ ಮೇಲೆ ಬಿಸಿಲಿಗೆ ಮೈಯೊಡ್ಡಿ ಕುಳಿತ ಅಲೆಕ್ಸನಿಗೂ ಮರುಭೂಮಿಯ ಗುಡಿಸಲಲ್ಲಿ ಕುಳಿತ ಆ ಸಂನ್ಯಾಸಿಗೂ ಅಂಥ ಅಂತರವೇನಿಲ್ಲ. ಒಂದೇ ವ್ಯತ್ಯಾಸವೆಂದರೆ ಸಂನ್ಯಾಸಿ ಅದನ್ನು ಪಿಶಾಚಿ ಎಂದು ಗುರುತಿಸಿದ, ಅಲೆಕ್ಸ್ ಅದನ್ನು ತನ್ನ ಘನತೆ ಎಂದು ತಿಳಿದ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಭಾವನೆಗಳ ಸೆಳೆತದಿಂದ ದೂರವಿರುವುದು ದೊಡ್ಡ ಗುಣವೆಂದು ನಮ್ಮ ನಾಡಿನ ಹಲವು ಪರಂಪರೆಗಳು ಹೇಳಿವೆ. ತಾವರೆ ಎಲೆಯ ಮೇಲಿನ ನೀರಿನಂತೆ ಅಂಟಿಯೂ ಅಂಟದಂತಿರುವುದನ್ನು ನಾವು ಹೊಗಳುತ್ತೇವೆ. ಹಾಗಾದರೆ ಅಲೆಕ್ಸನದೂ ಒಂದು ಬಗೆಯ ನಿರ್ಲಿಪ್ತತೆಯಲ್ಲವೇ? ಇವಾಗ್ರಿಯಸನೇ ಇದಕ್ಕೆ ಉತ್ತರ ಕೊಡುತ್ತಾನೆ. ವಿಕಾರಗಳು ಅಡಗಿದ ಮನಸ್ಸಿನ ನೆಮ್ಮದಿಯನ್ನು ಆತ ‘ಅಪಾಥೆಯ’ ಎಂದು ಕರೆದ. ಆದರೆ ಅಲ್ಲಿಗೇ ನಿಲ್ಲದೆ, ಆ ನೆಮ್ಮದಿಯ ಕೂಸೇ ಪ್ರೀತಿ ಎಂದ. ನಿಜವಾದ ವಿರಕ್ತಿ ಗೊಡ್ಡಲ್ಲ, ಅದು ಪ್ರೀತಿಯನ್ನು ಹೆರುತ್ತದೆ. ಸ್ವಂತದ ಆಸೆ, ಕೋಪ, ಬಿಂಕಗಳಿಂದ ಬಿಡುಗಡೆ ಹೊಂದಿದವನು ಎದುರಿಗಿರುವವರನ್ನು ಇದ್ದಂತೆಯೇ ಕಾಣಬಲ್ಲ. ವಿರಕ್ತನು ತನ್ನನ್ನು ತಾನು ಬಿಡುತ್ತಾನೆ. ಉದಾಸೀನನು ತನ್ನನ್ನು ಭದ್ರವಾಗಿ ಹಿಡಿದುಕೊಂಡು ಉಳಿದವರನ್ನೆಲ್ಲ ಬಿಡುತ್ತಾನೆ. ಹೊರನೋಟಕ್ಕೆ ಎರಡೂ ಒಂದೇ ಬಗೆಯ ಮೌನ. ಆದರೆ ಒಂದು ತುಂಬಿದ ಕೊಡ, ಇನ್ನೊಂದು ಬರಿದಾದದ್ದು.

ಅಲೆಕ್ಸ್ ದುಷ್ಟನಲ್ಲ. ಚಿತ್ರದ ಹಿರಿಮೆಯಿರುವುದು ಇಲ್ಲಿಯೇ. ಮಾತಿನ ಚಕಮಕಿಯ ಬಳಿಕ ಆತ ಹೆಂಡತಿಯನ್ನು ಬಿಟ್ಟು ಕಾಪ್ರಿ ದ್ವೀಪಕ್ಕೆ ಹೋಗುತ್ತಾನೆ. ಅಲ್ಲಿ ಒಬ್ಬಾಕೆಯ ಸ್ನೇಹ ಬಯಸುತ್ತಾನೆ. ಆಕೆಯೋ ದೂರವಾಗಿದ್ದ ತನ್ನ ಗಂಡನ ಜತೆ ಮತ್ತೆ ಬಾಳುವ ಆಸೆಯಲ್ಲಿದ್ದಾಳೆ. ನೇಪಲ್ಸಿಗೆ ಮರಳಿದ ರಾತ್ರಿ ಮೈಮಾರಿ ಬದುಕುವ ಹೆಣ್ಣೊಬ್ಬಳನ್ನು ಕಾರಿಗೆ ಹತ್ತಿಸಿಕೊಳ್ಳುತ್ತಾನೆ. ಆಕೆ ತನ್ನ ದುಃಖವನ್ನು, ಬದುಕಿನ ಮೇಲಿನ ಜಿಗುಪ್ಸೆಯನ್ನು ಹೇಳಿಕೊಳ್ಳುತ್ತಾಳೆ. ಆತ ಒರಟಾಗಿ ನಡೆದುಕೊಳ್ಳುವುದಿಲ್ಲ, ಆಕೆಯನ್ನು ಬಳಸಿಕೊಳ್ಳುವುದೂ ಇಲ್ಲ. ಆಕೆಯನ್ನು ಮರಳಿ ಬಿಟ್ಟು ಮನೆಗೆ ಬರುತ್ತಾನೆ. ಸಭ್ಯತೆಗೆ ಕುಂದಿಲ್ಲ. ಆದರೂ ಒಂದು ಜೀವ ತನ್ನ ಪಕ್ಕದಲ್ಲಿ ಕುಳಿತು ಸಾವಿನ ಅಂಚಿನ ಮಾತನಾಡಿತೆಂಬುದು ಆತನ ಮುಖದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಅದೇ ರಾತ್ರಿ ಮನೆಯಲ್ಲಿ ಕ್ಯಾಥರೀನ್ ಹಾಸಿಗೆಯ ಮೇಲೆ ಒಬ್ಬಳೇ ಇಸ್ಪೀಟಿನ ಎಲೆಗಳನ್ನು ಹರಡಿಕೊಂಡು ಗಂಡನಿಗಾಗಿ ಕಾಯುತ್ತಿದ್ದಾಳೆ. ಕಾರಿನ ಸದ್ದು ಕೇಳಿದೊಡನೆ ದೀಪ ಆರಿಸಿ ಮಲಗಿದಂತೆ ನಟಿಸುತ್ತಾಳೆ. ಕಾದದ್ದು ನಿಜ, ಆದರೆ ಕಾದೆನೆಂದು ತೋರಿಸಿಕೊಳ್ಳಲಾರಳು. ತಪ್ಪು ಒಬ್ಬರದೇ ಅಲ್ಲ ಎಂಬುದನ್ನು ಚಿತ್ರ ಪ್ರಾಮಾಣಿಕವಾಗಿ ಹೇಳುತ್ತದೆ. ಆಕೆಯ ನಾಲಿಗೆಯೂ ಹರಿತವಾದುದೇ. ಯೌವನದಲ್ಲಿ ತನ್ನನ್ನು ಪ್ರೀತಿಸಿ ಅಕಾಲದಲ್ಲಿ ಮಡಿದ ಕವಿಯೊಬ್ಬನ ನೆನಪನ್ನು ಆಕೆ ಗಂಡನೆದುರು ಹಿಡಿಯುತ್ತಾಳೆ. ಸತ್ತವನೊಡನೆ ಸ್ಪರ್ಧಿಸಿ ಗೆಲ್ಲುವುದು ಯಾವ ಗಂಡನಿಗೆ ಸಾಧ್ಯ? ಒಂದು ಮನೆ ತಣ್ಣಗಾಗುವುದು ಒಬ್ಬರಿಂದಲ್ಲ. ಇಬ್ಬರೂ ಒಂದೊಂದೇ ಇಟ್ಟಿಗೆಯಿಟ್ಟು ಆ ಗೋಡೆಯನ್ನು ಕಟ್ಟುತ್ತಾರೆ, ಬಳಿಕ ಅದು ತಾನಾಗಿಯೇ ಎದ್ದಿತೆಂದು ಅಚ್ಚರಿಪಡುತ್ತಾರೆ.

ಆದರೂ ಕ್ಯಾಥರೀನಳಲ್ಲಿ ಒಂದು ಬಿರುಕಿದೆ, ಅದರ ಮೂಲಕ ಬೆಳಕು ನುಸುಳುತ್ತದೆ. ಗಂಡ ಜತೆಗಿಲ್ಲದೆ ಆಕೆ ಒಬ್ಬಳೇ ಊರು ನೋಡುತ್ತಾಳೆ. ನೇಪಲ್ಸಿನ ಪುರಾತತ್ವ ಸಂಗ್ರಹಾಲಯದಲ್ಲಿ ಫಾರ್ನೀಸ್ ಸಂಗ್ರಹದ ಹೆರ್ಕ್ಯುಲಿಸ್ ಮೊದಲಾದ ಬೃಹತ್ ಶಿಲ್ಪಗಳ ಮುಂದೆ ನಿಂತಾಗ, ಎರಡು ಸಾವಿರ ವರ್ಷಗಳ ಹಿಂದಿನ ಆ ಕಲ್ಲಿನ ದೇಹಗಳು ತನಗಿಂತ ಹೆಚ್ಚು ಜೀವಂತವಾಗಿವೆ ಎನಿಸಿ ಕಳವಳಗೊಳ್ಳುತ್ತಾಳೆ. ಕಾರಿನ ಗಾಜಿನಾಚೆ ಬಸುರಿಯರನ್ನು, ಮಕ್ಕಳನ್ನು ಎತ್ತಿಕೊಂಡ ತಾಯಂದಿರನ್ನು ಕಾಣುತ್ತಾಳೆ. ಪೊಝುವೊಲಿಯ ಸೊಲ್ಫತಾರದಲ್ಲಿ ನೆಲವೇ ಹೊಗೆಯಾಡುತ್ತದೆ. ಮಾರ್ಗದರ್ಶಿ ಒಂದು ಬಿಲದ ಬಳಿ ಉರಿಯುವ ಕೊಳ್ಳಿ ಹಿಡಿದರೆ ಸುತ್ತಲಿನ ಬಿಲಗಳೂ ಒಟ್ಟಿಗೆ ದಟ್ಟವಾಗಿ ಹೊಗೆಯುಗುಳುವಂತೆ ಕಾಣುತ್ತವೆ. ತಣ್ಣಗಿದ್ದಂತೆ ಕಾಣುವ ಆ ನೆಲದಲ್ಲಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡಂತೆ ತೋರುತ್ತದೆ. ಒಂದು ಕಡೆ ತಾಗಿದ ಕಿಡಿಗೆ ಎಲ್ಲೆಡೆಯೂ ಉತ್ತರವಿದೆ. ಮನುಷ್ಯರ ನಡುವೆ ಇರಬೇಕಾದುದೂ ಇದೇ ಅಲ್ಲವೇ?

ಬಂಗಲೆಯನ್ನು ನೋಡಿಕೊಳ್ಳುವವನ ಹೆಂಡತಿ ಆಕೆಯನ್ನು ಫೊಂತಾನೆಲ್ಲೆ ಎಂಬ ಸ್ಮಶಾನಗುಹೆಗೆ ಕರೆದೊಯ್ಯುತ್ತಾಳೆ. 1656ರ ಪ್ಲೇಗಿಗೆ ಬಲಿಯಾದವರೂ ಸೇರಿದಂತೆ ಅಸಂಖ್ಯಾತ ಅನಾಮಿಕರ ಎಲುಬುಗಳನ್ನು ಅಲ್ಲಿ ಒಟ್ಟಲಾಗಿದೆ. ನೇಪಲ್ಸಿನ ಬಡ ಹೆಂಗಸರು ಯಾರದೆಂದು ತಿಳಿಯದ ಒಂದು ತಲೆಬುರುಡೆಯನ್ನು ತಮ್ಮದೆಂದು ಆರಿಸಿಕೊಂಡು, ಅದನ್ನು ಒರೆಸಿ, ಹೂವಿಟ್ಟು, ಆ ಆತ್ಮಕ್ಕಾಗಿ ಪ್ರಾರ್ಥಿಸುತ್ತಿದ್ದರು. ಈ ಆಚರಣೆ ಮೂಢನಂಬಿಕೆಗೆ ತಿರುಗಿತೆಂದು ಅಲ್ಲಿನ ಕಾರ್ಡಿನಲ್ ಕೊರ್ರಾದೊ ಉರ್ಸಿ 1969ರಲ್ಲಿ ಅದನ್ನು ನಿಷೇಧಿಸಿದರು. ಆ ನಿಷೇಧದ ವಿವೇಕವನ್ನು ಒಪ್ಪಿಯೂ ನಾವು ಒಂದನ್ನು ಗಮನಿಸಬಹುದು. ಹೆಸರಿಲ್ಲದ ಸತ್ತವನೊಬ್ಬನನ್ನು ‘ಇವನು ನಮ್ಮವನು’ ಎನ್ನಬಲ್ಲ ಬಡತನ ಒಂದು ಕಡೆ, ಎಂಟು ವರ್ಷ ಜತೆಗೆ ಬಾಳಿದ ಜೀವಂತ ಹೆಂಡತಿಯನ್ನು ನನ್ನವಳು ಎನ್ನಲಾರದ ಸಿರಿತನ ಇನ್ನೊಂದು ಕಡೆ.

ಸಿರಿತನಕ್ಕೂ ಈ ತಣ್ಣನೆಯ ಮನಸ್ಸಿಗೂ ಏನು ನಂಟು? ಶ್ರೀಮಂತರೆಲ್ಲರೂ ಹೃದಯಹೀನರಲ್ಲ, ಬಡವರೆಲ್ಲರೂ ಕರುಣಾಳುಗಳಲ್ಲ. ಆದರೆ ಸಂಪತ್ತು ಒಂದು ಅಪಾಯಕಾರಿ ಸೌಕರ್ಯವನ್ನು ಒದಗಿಸುತ್ತದೆ. ಯಾರ ಹಂಗೂ ಇಲ್ಲದೆ ಬದುಕಬಹುದೆಂಬ ಭ್ರಮೆ ಅದು. ಪ್ರಕಟನಾ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಲವೊದಿಕೀಯದ ಸಭೆಯನ್ನು ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಸಭೆಯೆಂದು ಗದರಿಸಲಾಗಿದೆ. ಅದರ ಬೆನ್ನಿಗೇ ಬರುವ ಮಾತು ಸಿರಿತನದ್ದು: ತಾನು ಐಶ್ವರ್ಯವಂತ, ತನಗೆ ಯಾವ ಕೊರತೆಯೂ ಇಲ್ಲ ಎಂದು ಆ ಸಭೆ ಹೇಳಿಕೊಳ್ಳುತ್ತಿತ್ತು. ಕ್ರಿ.ಶ. 60ರಲ್ಲಿ ಭೂಕಂಪದಿಂದ ಹಾಳಾದಾಗ ಆ ನಗರ ರೋಮಿನ ನೆರವನ್ನು ಪಡೆಯದೆ ಸ್ವಂತ ಹಣದಿಂದಲೇ ಮತ್ತೆ ಎದ್ದುನಿಂತಿತೆಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಊರಿಗೆ ಅದು ಹೆಮ್ಮೆ. ಆತ್ಮಕ್ಕೆ ಅದೇ ಅಭ್ಯಾಸವಾದರೆ ಆಪತ್ತು. ಪ್ರಭು ಯೇಸು ಹೇಳಿದ ಸಾಮತಿಯ ಧನಿಕನೂ ಲಾಜರನಿಗೆ ಹೊಡೆಯಲಿಲ್ಲ, ಬಾಗಿಲಿನಿಂದ ಓಡಿಸಲೂ ಇಲ್ಲ. ದಿನವೂ ಆತನ ಪಕ್ಕದಲ್ಲೇ ಹಾದುಹೋದ, ಅಷ್ಟೇ. 2013ರ ಜುಲೈ 8ರಂದು ಪೋಪ್ ಫ್ರಾನ್ಸಿಸ್‌ರವರು ಲಾಂಪೆದೂಸ ದ್ವೀಪಕ್ಕೆ ಹೋಗಿ, ಕಡಲಲ್ಲಿ ಮುಳುಗಿ ಸತ್ತ ವಲಸಿಗರನ್ನು ನೆನೆದು, ಜಗತ್ತಿನಾದ್ಯಂತ ಹಬ್ಬಿದ ಉದಾಸೀನವನ್ನು ಖಂಡಿಸಿದಾಗ ಅವರ ಮುಂದಿದ್ದುದೂ ಇದೇ ಪಾಪ. ಅಳುವುದನ್ನೇ ಮರೆತವರ ಪಾಪ.

ಈಗ ಆರಂಭದ ಪ್ರಶ್ನೆಗೆ ಮರಳೋಣ. ಹುಟ್ಟದ ಭಾವನೆಗೆ ಮನುಷ್ಯ ಹೊಣೆಯೇ? ಭಾವನೆಯನ್ನು ಆಜ್ಞೆಯಿಂದ ಹುಟ್ಟಿಸಲಾಗದು ಎಂಬುದು ನಿಜ. ತತ್ವಜ್ಞಾನಿ ಇಮ್ಮಾನ್ಯುಯೆಲ್ ಕಾಂಟ್ 1785ರ ತನ್ನ ಗ್ರಂಥದಲ್ಲಿ ಈ ಮಾತನ್ನು ಒಪ್ಪಿ, ಆಜ್ಞಾಪಿಸಬಹುದಾದ ಪ್ರೀತಿ ಸಂಕಲ್ಪದಲ್ಲಿ ನೆಲೆಸಿದೆಯೇ ಹೊರತು ಒಲವಿನ ಸೆಳೆತದಲ್ಲಿ ಅಲ್ಲ ಎಂದ. ಅದಕ್ಕೂ ಐದು ಶತಮಾನ ಮೊದಲೇ ಸಂತ ಥಾಮಸ್ ಅಕ್ವಿನಾಸರು, ಪ್ರೀತಿಸುವುದೆಂದರೆ ಇನ್ನೊಬ್ಬರ ಒಳಿತನ್ನು ಬಯಸುವುದು ಎಂದು ವಿವರಿಸಿದ್ದರು. ಎದೆ ತುಂಬಿ ಬರುವುದು ನಮ್ಮ ಕೈಯಲ್ಲಿಲ್ಲ. ತಲೆಯೆತ್ತಿ ನೋಡುವುದು, ಕೇಳಿಸಿಕೊಳ್ಳುವುದು, ‘ಏನಾಯಿತು?’ ಎಂದು ಕೇಳುವುದು ನಮ್ಮ ಕೈಯಲ್ಲಿದೆ. ಬಾವಿಯಲ್ಲಿ ನೀರು ಉಕ್ಕಿಸುವುದು ನಮಗೆ ಅಸಾಧ್ಯ, ಆದರೆ ಬಾವಿಯ ಬಾಯಿಗೆ ಚಪ್ಪಡಿ ಎಳೆದವರು ನಾವೇ ಆಗಿದ್ದರೆ ಬರಿದಾದ ಕೊಡಕ್ಕೆ ನಾವೇ ಹೊಣೆ. ಅಲೆಕ್ಸನ ಅಪರಾಧ ಭಾವನೆ ಇಲ್ಲದಿರುವುದಲ್ಲ. ಭಾವನೆಗೆ ಎಡೆಕೊಡಲು ಹೆದರಿದ್ದು.

ಹೆದರಿಕೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಚಿತ್ರದ ಕೊನೆಯ ಭಾಗದಲ್ಲಿ, ವಿಚ್ಛೇದನದ ತೀರ್ಮಾನವಾದ ಗಳಿಗೆಯಲ್ಲೇ, ದಂಪತಿಯನ್ನು ಪೊಂಪೆ ನಗರದ ಅವಶೇಷಗಳಿಗೆ ಕರೆದೊಯ್ಯಲಾಗುತ್ತದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಬೂದಿಯಡಿ ಸಿಕ್ಕವರ ದೇಹಗಳು ಕಾಲಕ್ರಮೇಣ ಕರಗಿಹೋದರೂ ಗಟ್ಟಿಯಾದ ಬೂದಿಯಲ್ಲಿ ಅವುಗಳ ಆಕಾರದ ಪೊಳ್ಳು ಉಳಿದಿತ್ತು. 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಎಂಬ ಪುರಾತತ್ವಜ್ಞ ಆ ಪೊಳ್ಳಿನೊಳಗೆ ಪ್ಲಾಸ್ಟರ್ ಸುರಿದು ಸತ್ತವರ ಕೊನೆಯ ಭಂಗಿಯನ್ನು ಮರಳಿ ಪಡೆಯುವ ವಿಧಾನವನ್ನು ರೂಢಿಗೆ ತಂದ. ಅಲೆಕ್ಸ್ ಮತ್ತು ಕ್ಯಾಥರೀನರ ಕಣ್ಣೆದುರೇ ಮಣ್ಣು ಸರಿಸಿದಾಗ ಗಂಡು ಹೆಣ್ಣು ಎರಡು ದೇಹಗಳ ಆಕಾರ ಮೂಡುತ್ತದೆ. ಬಹುಶಃ ಗಂಡಹೆಂಡಿರು, ಜತೆಯಾಗಿಯೇ ಸತ್ತವರು. ಕ್ಯಾಥರೀನ್ ತಡೆಯಲಾರದೆ ಅಳುತ್ತಾ ಅಲ್ಲಿಂದ ಹೊರಟುಬಿಡುತ್ತಾಳೆ. ಅಲೆಕ್ಸ್ ಹಿಂಬಾಲಿಸುತ್ತಾನೆ. ತನಗೂ ಅದು ನಾಟಿತೆಂದು ಆತ ಒಪ್ಪಿಕೊಳ್ಳುತ್ತಾನೆ, ಆದರೆ ಮರುಕ್ಷಣವೇ ಮತ್ತೆ ಬಿಗಿಯಾಗುತ್ತಾನೆ. ಅಲ್ಲಿ ದೇಹವಿಲ್ಲದಿದ್ದರೂ ಅಪ್ಪುಗೆ ಉಳಿದಿತ್ತು. ಇಲ್ಲಿ ದೇಹಗಳಿವೆ, ನಡುವೆ ಪೊಳ್ಳು ಮಾತ್ರ.

ಆ ಪಾತ್ರ ವಹಿಸಿದ ನಟ ಜಾರ್ಜ್ ಸ್ಯಾಂಡರ್ಸ್‌ಗೆ ರೊಸ್ಸೆಲ್ಲಿನಿ ಪೂರ್ಣ ಚಿತ್ರಕಥೆಯನ್ನೇ ಕೊಟ್ಟಿರಲಿಲ್ಲ. ಆಯಾ ದಿನದ ಮಾತನ್ನು ಆಯಾ ದಿನವೇ ಪಡೆದ ಆತ ಕಂಗಾಲಾಗಿದ್ದ. ಪರದೆಯ ಮೇಲಿನ ಆ ಚಡಪಡಿಕೆ ಪೂರ್ತಿ ನಟನೆಯಲ್ಲ. ನಟನನ್ನೂ ಪಾತ್ರವನ್ನೂ ಬೆರೆಸುವುದು ಸರಿಯಲ್ಲ. ಆದರೂ 1972ರಲ್ಲಿ ಸ್ಪೇನಿನಲ್ಲಿ, ಬದುಕು ಬೇಸರವಾಯಿತೆಂದು ಬರೆದಿಟ್ಟು ಆತ ತನ್ನ ಬಾಳನ್ನು ತಾನೇ ಮುಗಿಸಿಕೊಂಡನೆಂಬುದನ್ನು ತಿಳಿದಾಗ ಮನ ಮರುಗುತ್ತದೆ. ನಡುಹಗಲಿನ ಪಿಶಾಚಿಯನ್ನು ಹಗುರವಾಗಿ ಕಾಣಬಾರದು. ನಮ್ಮ ನಡುವೆ ನಗುತ್ತಾ ಸಭ್ಯರಾಗಿ ಓಡಾಡುವವರಲ್ಲಿ ಯಾರ ಎದೆಯಲ್ಲಿ ಅದು ಮನೆ ಮಾಡಿದೆಯೋ ಬಲ್ಲವರಾರು?

ಮರಳಿ ಬರುವಾಗ ಅವರ ಕಾರು ಧಾರ್ಮಿಕ ಮೆರವಣಿಗೆಯೊಂದರ ನಡುವೆ ಸಿಲುಕುತ್ತದೆ. ಇವರೆಲ್ಲ ಮಕ್ಕಳಂತೆ ಎಂದು ಅಲೆಕ್ಸ್ ಹೀಯಾಳಿಸುತ್ತಾನೆ. ಮಕ್ಕಳು ಸುಖಿಗಳು ಎನ್ನುತ್ತಾಳೆ ಕ್ಯಾಥರೀನ್. ಮುಂದಕ್ಕೆ ದಾರಿಯಿಲ್ಲದೆ ಇಬ್ಬರೂ ಕಾರಿನಿಂದ ಇಳಿಯುತ್ತಾರೆ. ಅಷ್ಟರಲ್ಲಿ ಪವಾಡವಾಯಿತೆಂಬ ಕೂಗೆದ್ದು ಜನಸಾಗರ ನುಗ್ಗುತ್ತದೆ. ಕ್ಯಾಥರೀನ್ ಆ ಪ್ರವಾಹದಲ್ಲಿ ಕೊಚ್ಚಿಹೋಗುತ್ತಾ ಗಂಡನನ್ನು ಕೂಗುತ್ತಾಳೆ. ಅಲೆಕ್ಸ್ ಜನರನ್ನು ತಳ್ಳಿಕೊಂಡು ಓಡಿಬಂದು ಆಕೆಯನ್ನು ಹಿಡಿದುಕೊಳ್ಳುತ್ತಾನೆ. ಪ್ರೀತಿಸುತ್ತೀಯಾ ಎಂದು ಆಕೆ ಕೇಳಿದಾಗ ಆತ ಮೊದಲು ಒಂದು ಭರವಸೆ ಬೇಡುತ್ತಾನೆ: ಹೇಳಿದರೆ ನೀನು ಅದರ ದುರುಪಯೋಗ ಮಾಡಬಾರದು! ಎಂಟು ವರ್ಷಗಳ ತಣ್ಣನೆಯ ಘನತೆಯ ಅಡಿಯಲ್ಲಿ ಇದ್ದದ್ದು ಈ ಒಂದು ಅಂಜಿಕೆ. ಮನಸ್ಸು ಬಿಚ್ಚಿದರೆ ನೋಯುತ್ತೇನೆಂಬ ಅಂಜಿಕೆ.

ಇಷ್ಟು ದಿಢೀರನೆ ಮನಸ್ಸು ಬದಲಾಗುವುದು ಸಹಜವೇ ಎಂದು ಹಲವರು ಆಕ್ಷೇಪಿಸಿದ್ದಾರೆ. ಅದು ನ್ಯಾಯವಾದ ಸಂದೇಹ. ಆ ಅಪ್ಪುಗೆ ನಾಳೆಯೂ ಉಳಿಯುತ್ತದೆಂದು ಯಾರೂ ಹೇಳಲಾರರು. ಚಿತ್ರ ಮಾಡಿದ ರೊಸ್ಸೆಲ್ಲಿನಿ ಮತ್ತು ಕ್ಯಾಥರೀನಳ ಪಾತ್ರ ವಹಿಸಿದ ಇಂಗ್ರಿಡ್ ಬರ್ಗ್‌ಮನ್ 1950ರಲ್ಲಿ ಮದುವೆಯಾಗಿದ್ದವರು. 1957ರಲ್ಲಿ ಅವರೇ ಬೇರ್ಪಟ್ಟರು. ನಿರ್ದೇಶಕನಿಗೂ ಈ ಅನಿಶ್ಚಿತತೆ ತಿಳಿದಿತ್ತೆನಿಸುತ್ತದೆ. ಆದುದರಿಂದಲೇ ಕೊನೆಯ ದೃಶ್ಯದಲ್ಲಿ ದಂಪತಿಯಿಲ್ಲ. ಬ್ಯಾಂಡಿನವರಿದ್ದಾರೆ, ಹಾದುಹೋಗುವ ಜನರಿದ್ದಾರೆ. ದೈವಕೃಪೆ ಬದುಕನ್ನು ನಮಗಾಗಿ ಬಾಳಿಕೊಡುವುದಿಲ್ಲ. ಅದು ಬಾಗಿಲು ತೆರೆಯುತ್ತದೆ, ಹೊಸ್ತಿಲು ದಾಟಬೇಕಾದವರು ನಾವು. ಆ ದಿನ ನಡೆದ ಪವಾಡ ಯಾವುದು? ಗುಂಪಿನಲ್ಲಿ ಯಾರೋ ಊರುಗೋಲನ್ನು ಮೇಲೆತ್ತಿ ಹಿಡಿದಿದ್ದಾರೆ, ಅದು ಇರಬಹುದು. ಆದರೆ ಯಾರ ಹಂಗೂ ಬೇಡವೆಂದಿದ್ದ ಒಬ್ಬ ಮನುಷ್ಯ, ಒಬ್ಬಳನ್ನು ಕಳೆದುಕೊಂಡೇನೆಂಬ ಭಯದಿಂದ ಜನರ ನಡುವೆ ಓಡಿದ್ದು ಅದಕ್ಕಿಂತ ಸಣ್ಣ ಪವಾಡವೇನಲ್ಲ.

ಚಿತ್ರದುದ್ದಕ್ಕೂ ಆ ದಂಪತಿ ನೇಪಲ್ಸನ್ನು ಕಂಡದ್ದು ಕಾರಿನ ಗಾಜಿನ ಮೂಲಕವೇ. ಮಕ್ಕಳು, ಶವಯಾತ್ರೆ, ಪ್ರೇಮಿಗಳು, ಬಡವರು, ಎಲ್ಲವೂ ಗಾಜಿನಾಚೆ. ಕಾರು ಕೆಲಸಕ್ಕೆ ಬಾರದೆ ನಿಂತ ಮೇಲೆಯೇ ಅವರಿಗೆ ಒಬ್ಬರಿಗೊಬ್ಬರು ಸಿಕ್ಕಿದ್ದು. ನಮಗೂ ಒಂದೊಂದು ಗಾಜಿದೆ. ಒಬ್ಬರಿಗೆ ಕೆಲಸ, ಒಬ್ಬರಿಗೆ ಹಣ, ಒಬ್ಬರಿಗೆ ಅಂಗೈಯಲ್ಲಿರುವ ಫೋನು, ಇನ್ನೊಬ್ಬರಿಗೆ ಹಳೆಯದೊಂದು ನೋವು. ಒಳಗೆ ತಂಪಾಗಿದೆ, ಸುರಕ್ಷಿತವಾಗಿದೆ, ಹೊರಗಿನದೆಲ್ಲ ಸ್ಪಷ್ಟವಾಗಿ ಕಾಣುತ್ತಲೂ ಇದೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಎದುರಿಗಿರುವವರ ಮುಖವನ್ನು ಒಮ್ಮೆ ನೋಡೋಣ. ಅಲ್ಲಿ ಯಾರಾದರೂ ಕಾಯುತ್ತಾ, ಕಾಯುತ್ತಿಲ್ಲವೆಂಬಂತೆ ದೀಪ ಆರಿಸಿ ಮಲಗುವವರಿದ್ದರೆ, ಕಾರಿನಿಂದ ಇಳಿಯುವ ಹೊತ್ತು ಬಂದಿದೆ.